ಮಂಗ ಹಿಡಿದವರು, ದಣಿದವರು, ಕುಡುಕರು

ಇಂಗ್ಲಿಷರಿಗೆ ಕೆಲವು ವಿಷಯಗಳಲ್ಲಿ ವಿಪರೀತ ಜಂಬ. ಅದರಲ್ಲೊಂದು, ಕುಡಿದು ಬಿದ್ದವನನ್ನು ಬಣ್ಣಿಸಲು ತಮ್ಮ ಭಾಷೆಯಲ್ಲಿರುವಷ್ಟು ಮಾತು ಇನ್ನೆಲ್ಲೂ ಇಲ್ಲ ಅನ್ನುವುದು. ಪಾಲ್ ಡಿಕ್ಸನ್ ಎಂಬ ಅಮೆರಿಕದ ಲೇಖಕ ಇವನ್ನೆಲ್ಲ ಕೂಡಿಹಾಕಿ 2009ರಲ್ಲಿ ಒಂದು ನಿಘಂಟನ್ನೇ ತಂದ. ಲೆಕ್ಕ ಮೂರು ಸಾವಿರದ ಹತ್ತಿರಕ್ಕೆ ಬಂತು.

ಮೂರು ಸಾವಿರ! ಪ್ರಾಮಾಣಿಕತೆಗೆ ಆ ಭಾಷೆಯಲ್ಲಿ ಎಷ್ಟು ಹೆಸರಿವೆ ಎಂದು ಎಣಿಸುವ ಉತ್ಸಾಹ ಯಾರಿಗೂ ಬಂದಂತಿಲ್ಲ.

ಸ್ಪ್ಯಾನಿಷರೂ ಹಿಂದೆ ಬಿದ್ದವರಲ್ಲ. ಅವರ ಭಾಷೆ ಇಪ್ಪತ್ತು ದೇಶಗಳಲ್ಲಿ ಹರಡಿದೆ. ದೇಶ ಬದಲಾದರೆ ಕುಡಿತದ ಮಾತೂ ಬದಲು. ಮೆಕ್ಸಿಕೋದವನು ಚಪ್ಪಲಿಯವರೆಗೂ ತುಂಬಿಕೊಂಡಿರುತ್ತಾನೆ. ಸ್ಪೇನಿನವನು ಪೀಪಾಯಿಯಂತಾಗಿರುತ್ತಾನೆ. ಮರುದಿನದ ತಲೆನೋವಿಗೆ ಕೊಲಂಬಿಯಾದಲ್ಲಿ ಸೀಬೆ ಮರದ ಹೆಸರು.

ಭಾಷಾಪ್ರೇಮಿಗಳಿಗೆ ಇದನ್ನೆಲ್ಲ ಕಂಡು ಪುಳಕ. ಜನರ ಕಲ್ಪನಾಶಕ್ತಿ ನೋಡಿ ಅನ್ನುತ್ತಾರೆ. ನನಗೆ ಪುಳಕ ಬರುವುದಿಲ್ಲ. ಒಂದೇ ಆಸ್ತಿ ಮೂರು ಸಾವಿರ ಹೆಸರುಗಳಲ್ಲಿ ನೋಂದಣಿಯಾಗಿದ್ದರೆ ಅದಕ್ಕೆ ಸಮೃದ್ಧಿ ಅನ್ನುವುದಿಲ್ಲ. ಬೇನಾಮಿ ಅನ್ನುತ್ತಾರೆ.

ಹಾಗಾದರೆ ನಿಜವಾದ ಮಾಲೀಕ ಯಾರು?

ಇಂಥ ಪಟ್ಟಿಗಳಲ್ಲಿ ಹೆಸರುವಾಸಿಯಾದದ್ದು ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ್ದು. ನೂರು ಡಾಲರ್ ನೋಟಿನ ಮೇಲೆ ಕೂತು ಜಗತ್ತನ್ನು ನೋಡುತ್ತಿರುವ ಅದೇ ಫ್ರಾಂಕ್ಲಿನ್. 1737ರ ಜನವರಿಯಲ್ಲಿ ಆತ ತನ್ನ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ ಕುಡಿದವರ ಮೇಲಿನ ಇನ್ನೂರಕ್ಕೂ ಹೆಚ್ಚು ಮಾತುಗಳನ್ನು ಅಕಾರಾದಿಯಾಗಿ ಅಚ್ಚು ಹಾಕಿದ. ಎಲ್ಲವೂ ಹೆಂಡದಂಗಡಿಯ ಬೆಂಚಿನಿಂದ ಎದ್ದು ಬಂದವು. ಇವನು ಬಾರ್ಬಡೋಸಿಗೆ ಹೋಗಿಬಂದಿದ್ದಾನೆ. ಫ್ರಾನ್ಸಿನ ದೊರೆಯನ್ನು ಕಂಡಿದ್ದಾನೆ. ಜೆರುಸಲೇಮಿಗೆ ಹೊರಟಿದ್ದಾನೆ. ದೊರೆ ಇವನ ದಾಯಾದಿ. ಇವನಿಗೆ ಷೂ ಕಚ್ಚುತ್ತಿದೆ. ತನ್ನ ನಾಯಿಯನ್ನು ತಾನೇ ಕೊಂದಿದ್ದಾನೆ.

ಎಲ್ಲದರ ಅರ್ಥ ಒಂದೇ. ನಿಲ್ಲಲಾಗುತ್ತಿಲ್ಲ.

ಬಾರ್ಬಡೋಸ್ ಅಂದರೆ ರಮ್ ಬರುತ್ತಿದ್ದ ದ್ವೀಪ. ಅಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಗುಲಾಮರು. ಫ್ರಾಂಕ್ಲಿನ್ನನ ಫಿಲಡೆಲ್ಫಿಯಾದ ಕುಡುಕನ ಬಾಯಲ್ಲಿ ಅದು ಪ್ರವಾಸ.

ಪಟ್ಟಿಯ ಮುಂದೆ ಫ್ರಾಂಕ್ಲಿನ್ ಒಂದು ವಿವರಣೆಯನ್ನೂ ಕೊಟ್ಟಿದ್ದ. ಉಳಿದ ದುರ್ಗುಣಗಳು ಯಾವುದಾದರೂ ಸದ್ಗುಣದ ವೇಷ ಹಾಕಿಕೊಂಡು ಓಡಾಡಬಲ್ಲವು. ಜಿಪುಣತನ ಮಿತವ್ಯಯದ ಪಂಚೆ ಉಟ್ಟು ಬರಬಹುದು. ಕುಡಿತಕ್ಕೆ ಮಾತ್ರ ಹೋಲುವ ಗುಣ ಒಂದೂ ಸಿಗುವುದಿಲ್ಲ. ಅದಕ್ಕೇ ಈ ಸುತ್ತುಬಳಸು ಮಾತು. ಮನುಷ್ಯ ಬುದ್ಧಿವಂತ, ರೋಗವನ್ನು ಸರಿಯಾಗಿ ಗುರುತಿಸಿದ.

ಹದಿನಾರು ವರ್ಷ ಕಳೆಯಿತು. 1753ರಲ್ಲಿ ಅದೇ ಫ್ರಾಂಕ್ಲಿನ್ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಜೊತೆ ಒಪ್ಪಂದ ಮಾಡಿಕೊಳ್ಳಲು ಕಾರ್ಲೈಲ್ ಎಂಬ ಊರಿಗೆ ಹೋದ. ಮಾತುಕತೆ ಮುಗಿಯುವವರೆಗೆ ರಮ್ ಇಲ್ಲ, ಮುಗಿದ ಮೇಲೆ ಬೇಕಾದಷ್ಟು ಎಂದು ಕರಾರು ಹಾಕಿದ. ಮಾತುಕತೆ ಮುಗಿಯಿತು. ಕರಾರಿನಂತೆ ರಮ್ ಬಂತು. ರಾತ್ರಿ ಅವರೆಲ್ಲ ಕುಡಿದು ಬೆಂಕಿಯ ಸುತ್ತ ಕೂಗಾಡಿದ್ದನ್ನು ಆತ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆಮೇಲೆ ಒಂದು ಷರಾ ಸೇರಿಸಿದ್ದಾನೆ: ಭೂಮಿ ಉಳುವವರಿಗೆ ಜಾಗ ಮಾಡಿಕೊಡಲು ಈ ಕಾಡುಜನರನ್ನು ನಿರ್ನಾಮ ಮಾಡುವುದೇ ದೈವಸಂಕಲ್ಪವಾಗಿದ್ದರೆ ಅದಕ್ಕೆ ಗೊತ್ತುಮಾಡಿದ ಸಾಧನ ರಮ್ ಇರಬಹುದು.

ತನ್ನ ಊರಿನವನು ಕುಡಿದರೆ ಜೆರುಸಲೇಮ್ ಯಾತ್ರೆ. ಕಾಡಿನವನು ಕುಡಿದರೆ ದೈವಸಂಕಲ್ಪದ ನಿರ್ನಾಮ. ರಮ್ ಒಂದೇ. ತಂದುಕೊಟ್ಟವನೂ ಒಬ್ಬನೇ.

ಈಗಿನ ಇಂಗ್ಲಿಷರು ಇಷ್ಟು ಕಷ್ಟಪಡುವುದಿಲ್ಲ. ಅವರಿಗೆ ವ್ಯಾಕರಣವೇ ನೆರವಿಗೆ ಬಂದಿದೆ. ಹ್ಯಾಮರ್ಡ್, ಸ್ಮ್ಯಾಶ್ಡ್, ಪ್ಲ್ಯಾಸ್ಟರ್ಡ್. ಸುತ್ತಿಗೆಯಿಂದ ಬಡಿಯಲಾಗಿದೆ, ಪುಡಿಗಟ್ಟಲಾಗಿದೆ, ಗಾರೆ ಬಳಿಯಲಾಗಿದೆ. ಯಾರು ಬಡಿದರು? ಯಾರು ಬಳಿದರು? ಕಡತದಲ್ಲಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದು ಓದಿ ಓದಿ ಬೆಳೆದ ನಮಗೆ ಈ ಕರ್ಮಣಿ ಪ್ರಯೋಗ ಹೊಸದಲ್ಲ. ಗ್ಲಾಸು ಎತ್ತಿದ ಕೈ ಯಾರದು ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅದು ಹೇಳುತ್ತದೆ.

ಸ್ಪೇನಿನಲ್ಲಿ ತಪ್ಪನ್ನು ಹೊರಲು ಪ್ರಾಣಿಗಳಿವೆ. ಅಲ್ಲಿ ಕುಡಿದವನು ಮಂಗ ಹಿಡಿದಿರುತ್ತಾನೆ. ಮರುದಿನ ಮಧ್ಯಾಹ್ನವಾದರೂ ಎದ್ದಿಲ್ಲವೇ? ಮಂಗನ ನಿದ್ದೆ ತೆಗೆಯುತ್ತಿದ್ದಾನೆ. ಮಂಗ ಬೇಡವೆಂದರೆ ಮೆರ್ಲೂಸಾ ಎಂಬ ಮೀನಿದೆ. ಇಂಗ್ಲಿಷಿನಲ್ಲಿ ಸ್ಕಂಕ್ ಇದೆ, ನ್ಯೂಟ್ ಎಂಬ ಹಲ್ಲಿಯಂಥ ಬಡಪಾಯಿ ಇದೆ, ಬೇಯಿಸಿದ ಗೂಬೆಯೂ ಇದೆ. ಇವುಗಳಲ್ಲಿ ಒಂದೂ ಬಾರಿನ ಮೆಟ್ಟಿಲು ಹತ್ತಿದ್ದಲ್ಲ. ಹತ್ತಿದವನು ಮನುಷ್ಯ. ಬಿಲ್ಲು ಮಾತ್ರ ಗೂಬೆಗೆ.

ಚಿಲಿ ದೇಶದವರದ್ದು ಇನ್ನೂ ಮೇಲು. ಅಲ್ಲಿ ಕುಡಿದು ತೂರಾಡುವವನಿಗೆ ಕುರಾದೊ ಅನ್ನುತ್ತಾರೆ. ವಾಸಿಯಾದವನು! ಏನು ಕಾಯಿಲೆಯಿತ್ತೋ.

ಇಷ್ಟರ ನಡುವೆ ಇಂಗ್ಲಿಷ್ ಒಮ್ಮೆ ಬಾಯಿತಪ್ಪಿ ನಿಜ ನುಡಿದಿದೆ. ಕಂಠಪೂರ್ತಿ ಕುಡಿದವನನ್ನು ‘ಲಾರ್ಡ್‌ನಷ್ಟು ಕುಡಿದಿದ್ದಾನೆ’ ಅನ್ನುತ್ತದೆ. ಲಾರ್ಡುಗಳಿಗೆ ಕೋಪ ಬರಲಿಲ್ಲ. ಏಕೆ ಬರಬೇಕು? ಕಾನೂನು ಅವರದೇ.

1606ನೇ ಇಸವಿ ನೋಡಿ. ಆ ಜುಲೈಯಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸನ ಬಳಿಗೆ ಅವನ ಭಾವಮೈದುನ, ಡೆನ್ಮಾರ್ಕಿನ ದೊರೆ ನಾಲ್ಕನೇ ಕ್ರಿಶ್ಚಿಯನ್, ನೆಂಟನಾಗಿ ಬಂದ. ಊಟವಾದ ಮೇಲೆ ಸೊಲೊಮನ್ ದೊರೆ ಮತ್ತು ಶೀಬಾ ರಾಣಿಯ ರೂಪಕ. ನೋಡಲು ಕೂತವರಲ್ಲಿ ಸರ್ ಜಾನ್ ಹ್ಯಾರಿಂಗ್ಟನ್ ಕೂಡ ಇದ್ದ. ನೀರು ಹರಿಸಿ ತೊಳೆಯುವ ಶೌಚಾಲಯವನ್ನು ಇಂಗ್ಲೆಂಡಿನಲ್ಲಿ ಮೊದಲು ಕಟ್ಟಿಸಿದ ಪುಣ್ಯಾತ್ಮ ಅವನೇ. ಆ ಸಂಜೆಯನ್ನು ಬರೆದಿಡಲು ತಕ್ಕ ಮನುಷ್ಯ.

ಅವನ ಪತ್ರದ ಪ್ರಕಾರ ನಡೆದದ್ದು ಇಷ್ಟು. ಶೀಬಾ ರಾಣಿಯ ವೇಷದ ಹೆಂಗಸು ಕಾಣಿಕೆ ಹೊತ್ತು ತಂದಳು, ಮೆಟ್ಟಿಲು ಎಡವಿದಳು, ತಂದದ್ದೆಲ್ಲ ಡೆನ್ಮಾರ್ಕಿನ ದೊರೆಯ ಮಡಿಲಿಗೆ ಸುರಿಯಿತು. ವೈನು, ಕೆನೆ, ಜೆಲ್ಲಿ, ಕೇಕು. ದೊರೆ ಎದ್ದ, ರಾಣಿಯ ಜೊತೆ ಕುಣಿಯುತ್ತೇನೆಂದ, ದೊಪ್ಪನೆ ಬಿದ್ದ. ಅವನನ್ನು ಎತ್ತಿಕೊಂಡು ಹೋಗಿ ಒಳಮನೆಯ ಮಂಚದ ಮೇಲೆ ಹಾಕಿದರು. ಆಮೇಲೆ ಭರವಸೆ, ಶ್ರದ್ಧೆ, ದಾನ ಎಂಬ ಮೂರು ಪಾತ್ರಗಳು ಬಂದವು. ಭರವಸೆಗೆ ನಾಲಗೆ ಹೊರಳಲಿಲ್ಲ. ಶ್ರದ್ಧೆ ತೂರಾಡುತ್ತ ಹೊರಗೆ ಹೋದಳು. ಕೊನೆಗೆ ದಾನ ಹೋಗಿ ನೋಡಿದರೆ ಭರವಸೆ, ಶ್ರದ್ಧೆ ಇಬ್ಬರೂ ಕೆಳಗಿನ ಹಜಾರದಲ್ಲಿ ವಾಂತಿ ಮಾಡುತ್ತಿದ್ದರು.

ಇಂಗ್ಲೆಂಡಿನ ಶಾಸನಗಳ ಪಟ್ಟಿಯಲ್ಲಿ ಅದೇ 1606ರ ಹೆಸರಿನಲ್ಲಿ ಒಂದು ಕಾಯ್ದೆಯಿದೆ. ಕುಡಿತವೆಂಬ ಅಸಹ್ಯ, ಹೇಯ ಪಾಪವನ್ನು ಅಡಗಿಸುವ ಕಾಯ್ದೆ. ಅಂಕಿತ ಅದೇ ಜೇಮ್ಸ್ ದೊರೆಯದು. ಕುಡಿದು ಸಿಕ್ಕಿಬಿದ್ದವನಿಗೆ ಐದು ಶಿಲಿಂಗ್ ದಂಡ. ಕೊಡಲಾಗದವನು ಆರು ಗಂಟೆ ಹೊತ್ತು ಕಾಲನ್ನು ಮರದ ಕೋಳಕ್ಕೆ ಸಿಕ್ಕಿಸಿ ಬಯಲಲ್ಲಿ ಕೂರಬೇಕು.

ಹೇಯ ಪಾಪ ಯಾವುದೆಂದು ಈಗ ತಿಳಿಯಿತಲ್ಲ? ಐದು ಶಿಲಿಂಗ್ ಇಲ್ಲದಿರುವುದು.

ನೂರೈವತ್ತು ವರ್ಷದ ನಂತರವೂ ಕಥೆ ಅದೇ. ಲಂಡನ್ನಿನ ಬಡವರು ಅಗ್ಗದ ಜಿನ್ ಕುಡಿದರು. ಸರ್ಕಾರ ಕಾನೂನಿನ ಮೇಲೆ ಕಾನೂನು ತಂದಿತು. 1751ರಲ್ಲಿ ಹೋಗಾರ್ತ್ ಎಂಬ ಚಿತ್ರಕಾರ ಜಿನ್ನಿನ ಓಣಿಯ ಚಿತ್ರ ಬರೆದ: ಅಮಲೇರಿದ ತಾಯಿಯ ಕೈಯಿಂದ ಕೂಸು ಜಾರಿ ಬೀಳುತ್ತಿದೆ. ಜೊತೆಗೇ ಬಿಯರಿನ ಬೀದಿಯದೂ ಒಂದು: ಎಲ್ಲರೂ ದುಂಡಗೆ, ಕೆಂಪಗೆ, ದೇಶಭಕ್ತರು. ಮೇಲ್ಮನೆಯವರ ಪೋರ್ಟ್ ವೈನಿನ ಬೀದಿ ಆ ಜೋಡಿಯಲ್ಲಿಲ್ಲ.

ಇನ್ನು ಅವರ ಸಂಸತ್ತಿಗೆ ಹೋಗೋಣ. ಬ್ರಿಟನ್ನಿನ ಕೆಳಮನೆಯಲ್ಲಿ ಒಬ್ಬ ಸದಸ್ಯ ಇನ್ನೊಬ್ಬ ಸದಸ್ಯನನ್ನು ‘ಕುಡಿದಿದ್ದಾರೆ’ ಅನ್ನುವಂತಿಲ್ಲ. ಅಸಂಸದೀಯ. ಕುಡಿಯುವುದು ಅಸಂಸದೀಯವಲ್ಲ. ಅದಕ್ಕೆ ಆ ಕಟ್ಟಡದೊಳಗೇ ಬಾರುಗಳಿವೆ.

1983ರ ಜುಲೈ. ಅಲನ್ ಕ್ಲಾರ್ಕ್ ಎಂಬ ಕಿರಿಯ ಮಂತ್ರಿ ರಾತ್ರಿ ಎದ್ದು ನಿಂತು ಹೆಣ್ಣು ಗಂಡಿಗೆ ಸಮಾನ ವೇತನದ ನಿಯಮಾವಳಿಯನ್ನು ಓದತೊಡಗಿದ. ಓದಿದ ಅನ್ನುವುದಕ್ಕಿಂತ ಮುಗ್ಗರಿಸಿದ ಅನ್ನಬೇಕು. ಅದಕ್ಕೆ ಮೊದಲು ವೈನ್ ರುಚಿ ನೋಡುವ ಕೂಟವೊಂದಕ್ಕೆ ಹೋಗಿಬಂದಿದ್ದ. ಆ ವರ್ಷವಷ್ಟೇ ಗೆದ್ದು ಬಂದಿದ್ದ ಕ್ಲೇರ್ ಶಾರ್ಟ್ ಎಂಬ ಹೆಣ್ಣುಮಗಳು ಎದ್ದಳು. ಸದನದಲ್ಲಿ ಆ ಪದ ಬಳಸಬಾರದು ಎಂಬುದು ತನಗೆ ಗೊತ್ತು, ಆದರೆ ಮಂತ್ರಿಗಳು ಅಸಮರ್ಥ ಸ್ಥಿತಿಯಲ್ಲಿದ್ದಾರೆ ಎಂದಳು.

ಗದ್ದಲವೆದ್ದಿತು. ಪೀಠದಿಂದ ಆದೇಶವೂ ಬಂತು. ಮಂತ್ರಿಗೆ ಹೋಗಿ ಮಲಗು ಎಂದಲ್ಲ. ಮಾತು ವಾಪಸ್ ಪಡೆಯಿರಿ ಎಂದು, ಆಕೆಗೆ.

ಹತ್ತು ವರ್ಷದ ನಂತರ ಕ್ಲಾರ್ಕ್ ತನ್ನ ದಿನಚರಿಯನ್ನು ಪುಸ್ತಕ ಮಾಡಿ ಮಾರಿದ. ಆ ರಾತ್ರಿಯ ವೈನುಗಳ ವಿವರವೂ ಅದರಲ್ಲಿತ್ತು. ಜನ ಮೆಚ್ಚಿ ಓದಿದರು. ಕುಡಿದದ್ದು ಸಾಹಿತ್ಯವಾಯಿತು. ಕುಡಿದಿದ್ದಾನೆ ಅಂದದ್ದು ಸದನದ ಮರ್ಯಾದೆಗೆ ಭಂಗ.

ಅದಕ್ಕೂ ಮೊದಲು ಜಾರ್ಜ್ ಬ್ರೌನ್ ಎಂಬ ವಿದೇಶಾಂಗ ಮಂತ್ರಿ ಇದ್ದ. 1960ರ ದಶಕದಲ್ಲಿ ಅವನು ಎಲ್ಲಿ ತೂರಾಡಿದರೂ ‘ದಣಿದಿದ್ದಾರೆ, ಭಾವುಕರಾಗಿದ್ದಾರೆ’ ಎಂಬ ಮಾತು. ಅದನ್ನು ಚಾಲ್ತಿಗೆ ತಂದದ್ದು ‘ಪ್ರೈವೇಟ್ ಐ’ ಎಂಬ ಲೇವಡಿ ಪತ್ರಿಕೆ. ಇಂದಿಗೂ ಇಂಗ್ಲಿಷ್ ಪತ್ರಿಕೆಗಳಲ್ಲಿ ದಣಿದು ಭಾವುಕರಾದವರು ಕಂಡರೆ ಓದುಗರಿಗೆ ವಾಸನೆ ಬಡಿಯುತ್ತದೆ. ಗಾರೆ ಕೆಲಸದವನು ಸಂಜೆ ಎಷ್ಟು ದಣಿದಿದ್ದರೂ ಅವನಿಗೆ ಈ ಸವಲತ್ತಿಲ್ಲ. ದಣಿವು ಖುರ್ಚಿಯಲ್ಲಿ ಕೂತವರದ್ದು.

ಬಜೆಟ್ ದಿನದ ವಿಚಾರ ಕೇಳಿ. ಕೆಳಮನೆಯ ಸಭಾಂಗಣದೊಳಗೆ ಮದ್ಯ ನಿಷಿದ್ಧ. ಒಬ್ಬರಿಗೆ ಮಾತ್ರ ವಿನಾಯಿತಿ: ಬಜೆಟ್ ಭಾಷಣ ಓದುವ ಹಣಕಾಸು ಮಂತ್ರಿಗೆ. ಗ್ಲ್ಯಾಡ್‌ಸ್ಟನ್ ಮೊಟ್ಟೆ ಕಲಸಿದ ಶೆರ್‍ರಿ ಕುಡಿದ. ಡಿಸ್ರೇಲಿ ಬ್ರಾಂದಿಗೆ ನೀರು ಬೆರೆಸಿ ಕುಡಿದ. 1990ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ವಿಸ್ಕಿ ಇಟ್ಟುಕೊಂಡ. ಇತ್ತೀಚಿನವರು ನೀರು ಕುಡಿಯುತ್ತಾರೆ, ಆದರೆ ವಿನಾಯಿತಿಯನ್ನು ಯಾರೂ ರದ್ದು ಮಾಡಿಲ್ಲ. ಜನರ ಗ್ಲಾಸಿನ ಮೇಲೆ ಸುಂಕ ಹಾಕುವವನ ಕೈಯಲ್ಲೇ ಗ್ಲಾಸು.

ಅದೇ ದೇಶದಲ್ಲಿ 1872ರ ಇನ್ನೊಂದು ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ರಸ್ತೆಯಲ್ಲಿ ಗಾಡಿ, ಕುದುರೆ, ದನ ಅಥವಾ ಹಬೆಯ ಯಂತ್ರದ ಉಸ್ತುವಾರಿಯಲ್ಲಿರುವವನು ಕುಡಿದಿದ್ದರೆ ಅಪರಾಧ. ದನ ಹೊಡೆದುಕೊಂಡು ಹೋಗುವವನು ಕುಡಿಯಬಾರದು. ದೇಶದ ಖಜಾನೆ ಹೊಡೆದುಕೊಂಡು ಹೋಗುವವನು ಕುಡಿಯಬಹುದು.

ಮೂರು ಸಾವಿರ ಮಾತು ಸಾಲದೆಂದು ಇತ್ತೀಚೆಗೆ ಇನ್ನೊಂದು ಹುಟ್ಟಿತು. 2020ರ ಕೋವಿಡ್ಡಿನಲ್ಲಿ ಜನ ಹೆತ್ತವರ ಅಂತ್ಯಸಂಸ್ಕಾರಕ್ಕೂ ಸರಿಯಾಗಿ ಸೇರುವಂತಿರಲಿಲ್ಲ. ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ನರ ಕಚೇರಿಯಲ್ಲಿ ಮಾತ್ರ ನಿಮ್ಮ ನಿಮ್ಮ ಬಾಟಲಿ ನೀವೇ ತನ್ನಿ ಎಂದು ನೌಕರರಿಗೆ ಇಮೇಲ್ ಹೋಯಿತು. ವಿಷಯ ಬಯಲಾದಾಗ ಪ್ರಧಾನಿ ಸದನದಲ್ಲಿ ಹೇಳಿದ್ದು: ಅದನ್ನು ಕಚೇರಿ ಕೆಲಸದ ಕಾರ್ಯಕ್ರಮ ಎಂದೇ ನಂಬಿದ್ದೆ. ಪೊಲೀಸರು ಆ ಕಟ್ಟಡಗಳ ಕೂಟಗಳಿಗಾಗಿ ಒಟ್ಟು 126 ದಂಡದ ಚೀಟಿ ಹರಿದರು. ಪ್ರಧಾನಿಗೂ ಒಂದು. ಸೂ ಗ್ರೇ ಎಂಬ ಅಧಿಕಾರಿ ಕೊಟ್ಟ ವರದಿಯಲ್ಲಿ ಕೂಗಾಟವಿದೆ, ವಾಂತಿಯಿದೆ, ಗೋಡೆಗೆ ಚೆಲ್ಲಿದ ವೈನಿದೆ. ಕಸ ಗುಡಿಸುವವರನ್ನೂ ಕಾವಲಿನವರನ್ನೂ ಕಚೇರಿಯವರು ಕೀಳಾಗಿ ನಡೆಸಿಕೊಂಡದ್ದೂ ಇದೆ.

ನಾನೂರು ವರ್ಷದಲ್ಲಿ ಆದ ಪ್ರಗತಿ ಇಷ್ಟು. ಮೇಲೆ ಕುಣಿತ, ಕೆಳಗಿನ ಹಜಾರದಲ್ಲಿ ವಾಂತಿ, ಒರೆಸಲು ಬೇರೆಯವರು.

ಸ್ಪ್ಯಾನಿಷರು ಇದನ್ನೆಲ್ಲ ಓದಿ ನಗುತ್ತಾರೆ. ನಾವು ಇಂಗ್ಲಿಷರಂತೆ ಕುಡಿದು ಬೀಳುವುದಿಲ್ಲ, ನಮ್ಮದು ಸಂಸ್ಕೃತಿ ಅನ್ನುತ್ತಾರೆ. ಸಂಸ್ಕೃತಿ ಎಲ್ಲಿ ಶುರುವಾಗುತ್ತದೆಂದು ತಿಳಿಯಬೇಕಾದರೆ ಮ್ಯಾಡ್ರಿಡ್‌ನ ಯಾವುದಾದರೂ ಚೌಕ ಸಾಕು. ಚೌಕದ ಒಂದು ಬದಿ ಹೋಟೆಲಿನ ಕುರ್ಚಿ ಮೇಜು. ಅಲ್ಲಿ ಕೂತವರ ಮುಂದೆ ವೈನು, ಬಿಯರು, ಆಲಿವ್ ಕಾಯಿ. ರಾತ್ರಿ ಒಂದು ಗಂಟೆಗೂ ಜೋರು ನಗೆ. ಹತ್ತು ಹೆಜ್ಜೆ ಆಚೆ ಕಟ್ಟೆಯ ಮೇಲೆ ಕಾಲೇಜು ಹುಡುಗರು. ಕೈಯಲ್ಲಿ ಪ್ಲಾಸ್ಟಿಕ್ ಲೋಟ, ಕಾಲ ಬಳಿ ಸೂಪರ್ ಮಾರ್ಕೆಟ್ಟಿನ ಚೀಲ, ಅದರಲ್ಲಿ ಅಗ್ಗದ ವೈನು ಮತ್ತು ಕೋಲಾ.

ಇವರದ್ದು ಬೊತೆಯೋನ್. 2002ರಿಂದ ಮ್ಯಾಡ್ರಿಡ್ ಪ್ರಾಂತ್ಯದಲ್ಲಿ ಬೀದಿಯಲ್ಲಿ ಹೀಗೆ ಕುಡಿಯುವುದು ನಿಷಿದ್ಧ, ಪೊಲೀಸ್ ಬಂದರೆ ದಂಡ. ಕುರ್ಚಿಯವರದ್ದು ತೆರಾಸಾ. ಪೊಲೀಸ್ ಬಂದರೆ ನಮಸ್ಕಾರ. ಆಕಾಶ ಒಂದೇ, ಚೌಕ ಒಂದೇ, ಗಲಾಟೆಯೂ ಒಂದೇ. ಅಪರಾಧಕ್ಕೂ ಸಂಸ್ಕೃತಿಗೂ ನಡುವೆ ಇರುವುದು ಬಾಡಿಗೆಗೆ ಸಿಗುವ ಒಂದು ಕುರ್ಚಿ.

ಅದೇ ದೇಶದ ಮಾಜಿ ಪ್ರಧಾನಿ ಹೋಸೆ ಮಾರಿಯಾ ಅಸ್ನಾರ್ 2007ರಲ್ಲಿ ವೈನ್ ಸಂಸ್ಥೆಯೊಂದರ ಸಮಾರಂಭಕ್ಕೆ ಹೋಗಿದ್ದರು. ಆಗ ರಸ್ತೆ ಸುರಕ್ಷತೆಯವರು ‘ನಿಮ್ಮ ಬದಲು ನಾವು ಗಾಡಿ ಓಡಿಸಲಾಗದು’ ಎಂದು ಪ್ರಚಾರ ನಡೆಸುತ್ತಿದ್ದರು. ನನ್ನ ಬದಲು ಓಡಿಸು ಎಂದು ನಿನಗೆ ಹೇಳಿದವರಾರು ಎಂದು ಅಸ್ನಾರ್ ವೇದಿಕೆಯಿಂದಲೇ ಕೇಳಿದರು. ನನ್ನ ಪಾಡಿಗೆ ನಾನು ನೆಮ್ಮದಿಯಾಗಿ ಕುಡಿಯಲು ಬಿಡಿ ಎಂದರು. ಸಭೆ ನಕ್ಕಿತು. ಮಾಜಿ ಪ್ರಧಾನಿ ಅಂದರೆ ಅದು ಸ್ವಾತಂತ್ರ್ಯದ ತತ್ವಜ್ಞಾನ. ಲಾರಿ ಡ್ರೈವರ್ ಅಂದಿದ್ದರೆ ಲೈಸೆನ್ಸ್ ಹೋಗುತ್ತಿತ್ತು.

ಆಳು ನೋಡಿ ಹೆಸರಿಡುವ ಈ ವಿದ್ಯೆಯನ್ನು ಸ್ಪೇನಿನವರು ಹಿಂದೆಯೇ ಸಾಗರದಾಚೆಗೂ ಕೊಂಡೊಯ್ದಿದ್ದರು. 1692ರ ಜೂನ್‌ನಲ್ಲಿ ಮೆಕ್ಸಿಕೋ ನಗರದಲ್ಲಿ ಮೆಕ್ಕೆಜೋಳ ಸಿಗದೆ ಜನ ದಂಗೆಯೆದ್ದರು. ಅರಮನೆಗೆ ಬೆಂಕಿ ಬಿತ್ತು. ಕಾರಣವೇನೆಂದು ಸ್ಪ್ಯಾನಿಷ್ ಅಧಿಕಾರಿಗಳು ಹುಡುಕಿದರು. ಹಸಿವು ಎಂದು ಬರೆದರೆ ತಮ್ಮ ಕುತ್ತಿಗೆಗೇ ಬರುತ್ತದೆ. ಕುಡಿತ ಎಂದು ಬರೆದರು. ಅಲ್ಲಿನ ಮೂಲಜನ ಭೂತಾಳೆ ಜಾತಿಯ ಗಿಡದ ರಸದಿಂದ ಪುಲ್ಕೆ ಎಂಬ ಹೆಂಡ ಇಳಿಸುತ್ತಿದ್ದರು. ಅದನ್ನು ನಿಷೇಧಿಸಿದರು. ಐದು ವರ್ಷದಲ್ಲಿ ನಿಷೇಧ ತೆಗೆದರು. ಜೋಳ ಬಂತೆಂದಲ್ಲ, ಪುಲ್ಕೆಯ ಸುಂಕ ಬರುವುದು ನಿಂತಿತೆಂದು.

ಹೊಟ್ಟೆ ಖಾಲಿಯಿದ್ದವನನ್ನು ಕುಡುಕ ಅಂದರು. ಹೊಟ್ಟೆ ತುಂಬಿ ಕುಡಿದವನು ಮಂಗ ಹಿಡಿದ.

ಕೊಲಂಬಿಯಾಕ್ಕೆ ಬಂದರೆ ನಮಗೆ ಮನೆಗೆ ಬಂದಂತೆ ಅನಿಸುತ್ತದೆ. ಅಲ್ಲಿ ಪ್ರಾಂತ್ಯ ಸರ್ಕಾರಗಳದ್ದೇ ಮದ್ಯದ ಏಕಸ್ವಾಮ್ಯ. ಆಂತಿಯೋಕಿಯಾ ಪ್ರಾಂತ್ಯದವರು ಅಗ್ವಾರ್ದಿಯೆಂತೆ ಎಂಬ ಸೋಂಪಿನ ಸಾರಾಯಿಯನ್ನು ಸ್ವಂತ ಕಾರ್ಖಾನೆಯಲ್ಲೇ ತಯಾರಿಸಿ ಮಾರುತ್ತಾರೆ. ಈ ಆದಾಯ ಮೊದಲು ಆರೋಗ್ಯಕ್ಕೆ, ಶಿಕ್ಷಣಕ್ಕೆ ಹೋಗಬೇಕೆಂದು ಸಂವಿಧಾನದಲ್ಲೇ ಬರೆದಿದ್ದಾರೆ. ಅಪ್ಪ ಕುಡಿದರೆ ಮಗುವಿನ ಶಾಲೆ ನಡೆಯುತ್ತದೆ. ಇನ್ನೂ ಹೆಚ್ಚು ಕುಡಿದರೆ ಅವನಿಗೆ ಆಸ್ಪತ್ರೆಯೂ ಸಿಗುತ್ತದೆ. ಚುನಾವಣೆ ಬಂದಾಗ ಮಾತ್ರ ಅದೇ ಸರ್ಕಾರಕ್ಕೆ ಮತದಾರನ ಬುದ್ಧಿಯ ಚಿಂತೆ. ಆಗ ‘ಲೇಯ್ ಸೇಕಾ’, ಒಣ ಕಾನೂನು. ನಮ್ಮಲ್ಲೂ ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯ ಮಾರಾಟವಿಲ್ಲ. ಉಳಿದ ಐದು ವರ್ಷ ಯಾರಿಗೂ ಅಭ್ಯಂತರವಿಲ್ಲ.

ಎರಡು ಭಾಷೆಗಳೂ ಮುಖಾಮುಖಿಯಾಗುವ ಜಾಗ ಸ್ಪೇನಿನ ಮಯೋರ್ಕಾ ದ್ವೀಪದ ಮಗಲುಫ್. ಅಗ್ಗದ ವಿಮಾನದಲ್ಲಿ ಬ್ರಿಟಿಷ್ ಹುಡುಗರು ಬರುತ್ತಾರೆ, ಅಗ್ಗದ ಮದ್ಯ ಕುಡಿಯುತ್ತಾರೆ, ಹೋಟೆಲಿನ ಬಾಲ್ಕನಿಯಿಂದ ಈಜುಕೊಳಕ್ಕೆ ಹಾರುತ್ತಾರೆ. ಕೆಲವರು ಕೊಳ ಮುಟ್ಟುವುದಿಲ್ಲ. ಸ್ಪ್ಯಾನಿಷ್ ಪತ್ರಿಕೆಗಳು ಇದಕ್ಕೆ ‘ಬಾಲ್ಕನಿಂಗ್’ ಎಂದು ಹೆಸರಿಟ್ಟವು. ಸಾಯುವುದಕ್ಕೂ ಕ್ರೀಡೆಯ ಹೆಸರು. 2020ರಲ್ಲಿ ಅಲ್ಲಿನ ಪ್ರಾಂತ್ಯ ಸರ್ಕಾರ ಎಚ್ಚೆತ್ತು ಆ ಬೀದಿಗಳಲ್ಲಿ ಒಂದಕ್ಕೊಂದು ಉಚಿತ, ಹ್ಯಾಪಿ ಅವರ್, ಬಾರಿನಿಂದ ಬಾರಿಗೆ ಮೆರವಣಿಗೆ ಎಲ್ಲ ನಿಷೇಧಿಸಿತು. ದಶಕಗಳ ಕಾಲ ಹ್ಯಾಪಿ ಅವರ್ ಬೋರ್ಡು ತೂಗುಹಾಕಿ ದುಡ್ಡೆಣಿಸಿದವರು ಈಗ ಪ್ರವಾಸಿಗರಿಗೆ ಸಂಸ್ಕಾರವಿಲ್ಲ ಅನ್ನುತ್ತಿದ್ದಾರೆ. ಐಷಾರಾಮಿ ದೋಣಿಗಳಲ್ಲಿ ಕುಡಿಯುವವರ ಸಂಸ್ಕಾರದ ಬಗ್ಗೆ ದೂರಿಲ್ಲ.

ಇದೆಲ್ಲ ನಮಗೇಕೆ ಅನ್ನಬೇಡಿ. ಇಂಗ್ಲಿಷರು ಹೋಗುವಾಗ ಬಾಟಲಿಯ ಜೊತೆ ಮಾತನ್ನೂ ಬಿಟ್ಟುಹೋಗಿದ್ದಾರೆ. ‘ಟೈಟ್ ಆಗಿದಾನೆ’ ಅನ್ನುತ್ತೇವಲ್ಲ, ಆ ಟೈಟ್ ಅವರ ಹಳೆಯ ಆಡುಮಾತು. ಅಲ್ಲಿ ಹೆಚ್ಚುಕಡಿಮೆ ಸವೆದುಹೋಗಿದೆ. ನಮ್ಮ ಸಂತೆಬೀದಿಯಲ್ಲಿ ಗಟ್ಟಿಮುಟ್ಟಾಗಿದೆ. ಹಾಗಾಗಿ ಬೆಂಗಳೂರಿನ ಮೇಲಂತಸ್ತಿನವರು ಅದನ್ನು ಕೈಬಿಟ್ಟು ಹೊಸದನ್ನು ತರಿಸಿಕೊಂಡಿದ್ದಾರೆ. ಪಬ್ಬಿನಲ್ಲಿ ಈಗ ಯಾರೂ ಟೈಟ್ ಆಗುವುದಿಲ್ಲ. ಟಿಪ್ಸಿ ಆಗುತ್ತಾರೆ. ಹೈ ಆಗುತ್ತಾರೆ. ಮರುದಿನ ಹ್ಯಾಂಗೋವರ್, ಅದಕ್ಕೆ ವರ್ಕ್ ಫ್ರಂ ಹೋಮ್.

ಕಂಪನಿ ಪಾರ್ಟಿಯಲ್ಲಿ ಮ್ಯಾನೇಜರ್ ಮೇಜು ಹಿಡಿದು ನಿಂತಿದ್ದರೆ, ‘ಸರ್ ಸ್ವಲ್ಪ ಹೈ ಆಗಿದಾರೆ, ತುಂಬಾ ಸ್ಟ್ರೆಸ್ ಪಾಪ’. ಅದೇ ಕಟ್ಟಡದ ಗೇಟಿನಲ್ಲಿ ಸೆಕ್ಯುರಿಟಿಯವನ ಬಾಯಿ ವಾಸನೆ ಬಂದರೆ, ‘ಕುಡ್ಕೊಂಡು ಡ್ಯೂಟಿಗೆ ಬಂದಿದಾನೆ, ನಾಳೆಯಿಂದ ಬರಬೇಡ ಅನ್ನಿ’. ಸ್ಟ್ರೆಸ್ ಎಂಬುದು ಐಡಿ ಕಾರ್ಡಿನ ಬಣ್ಣ ನೋಡಿ ಬರುತ್ತದೆ.

ಸರ್ಕಾರದ ಮಾತು ಇದಕ್ಕಿಂತ ಚೆಂದ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಬಡವರ ಮನೆ ಉಳಿಸುವುದಕ್ಕೆ ಎಂದರು. ಪ್ಯಾಕೆಟ್ಟು ಹೋಯಿತು, ಬಾಟಲಿಯೂ ಟೆಟ್ರಾ ಪ್ಯಾಕೂ ಬಂದವು. ಇದಕ್ಕೆ ಸಾರಾಯಿ ಅನ್ನುವಂತಿಲ್ಲ. ಇದು ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’. ಒಂದೇ ವಾಕ್ಯದಲ್ಲಿ ಸ್ವದೇಶಿಯೂ ವಿದೇಶಿಯೂ ಆಗಬಲ್ಲ ವಸ್ತು ಇನ್ನೊಂದಿದ್ದರೆ ತೋರಿಸಿ. ಬೇಕಾದವರಿಗೆ ಸರ್ಕಾರದ್ದೇ ಸಂಸ್ಥೆ ಎಂಎಸ್‌ಐಎಲ್‌ನ ಮಳಿಗೆಗಳಿವೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯ ಗುರಿ 40,000 ಕೋಟಿ ರೂಪಾಯಿ. ಆ ಕಾಲಂನ ಹೆಸರು ರಾಜಸ್ವ. ಈ ಪದದ ಮುಂದೆ ಫ್ರಾಂಕ್ಲಿನ್ನನ ಇನ್ನೂರು ಮಾತನ್ನೂ ನಿವಾಳಿಸಿ ಎಸೆಯಬೇಕು.

ಗುರಿ ಮುಟ್ಟದಿದ್ದರೆ ಅಧಿಕಾರಿಗಳನ್ನು ಕರೆದು ಕೇಳುತ್ತಾರೆ. ಮುಟ್ಟಿಸಿದ ಕೂಲಿಯವನನ್ನು ಕುಡುಕ ಅನ್ನುತ್ತಾರೆ. ರಾಜ್ಯದ ಅಭಿವೃದ್ಧಿಗೆ ದಿನವೂ ತಪ್ಪದೆ ಕಂದಾಯ ಕಟ್ಟಿ ಚರಂಡಿಯಲ್ಲಿ ಮಲಗುವವನಿಗೆ ಒಂದು ಸನ್ಮಾನವೂ ಇಲ್ಲ, ಶಾಲೂ ಇಲ್ಲ.

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಹೆಚ್ಚಿನವರು ಕೂಲಿಯವರು. ಊರಲ್ಲಿ ಹೆಂಡ ನಿಲ್ಲಿಸಿ ಅನ್ನುವುದೊಂದೇ ಬೇಡಿಕೆ. ಅವರ ಬಾಯಲ್ಲಿ ಹೈ ಇರಲಿಲ್ಲ, ಟಿಪ್ಸಿ ಇರಲಿಲ್ಲ, ಮಂಗನೂ ಇರಲಿಲ್ಲ. ಗಂಡ ಕುಡಿಯುತ್ತಾನೆ, ಹೊಡೆಯುತ್ತಾನೆ ಅಂದರು. ಕರ್ತರಿ ಪ್ರಯೋಗ. ಮಾಡಿದವನು ಯಾರೆಂದು ವಾಕ್ಯದಲ್ಲೇ ಇತ್ತು. ಸರ್ಕಾರದ ಅಂಗಡಿಗಳು ಅವತ್ತೂ ತೆರೆದಿದ್ದವು.

ಅಂಥ ವಾಕ್ಯವನ್ನು ನಮ್ಮ ಪಾರ್ಟಿಗಳಲ್ಲಿ ನೀವು ಕೇಳುವುದಿಲ್ಲ, ನಾನೂ ಕೇಳಿಲ್ಲ. ಆದ್ದರಿಂದ ಒಂದು ಕೆಲಸ ಮಾಡಿ. ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ನೂರು ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಟಿಪ್ಸಿಗೆ ಬೇರೆ, ಟೈಟಿಗೆ ಬೇರೆ ಎಂದು ಅದರಲ್ಲಿ ಎರಡು ಕಾಲಂ ಇಲ್ಲ. ಮುಂದಿನ ಸಲ ನಿಮ್ಮ ಸಾಹೇಬರು ‘ಏನಿಲ್ಲಪ್ಪ, ಸ್ವಲ್ಪ ಹೈ ಅಷ್ಟೇ’ ಅನ್ನುತ್ತ ಪಾರ್ಕಿಂಗ್ ಕಡೆ ಹೊರಟರೆ ಕಾರಿನ ಕೀ ಕಿತ್ತಿಟ್ಟುಕೊಳ್ಳಿ. ಅವರನ್ನು ಏನೆಂದು ಕರೆಯಬೇಕು ಎಂಬುದನ್ನು ಅವರು ಮನೆ ಮುಟ್ಟಿದ ಮೇಲೆ ನೋಡೋಣ.